ಅರ್ಧ ಶಟರ್ ಮತ್ತು ಹದಿನೈದು ನಿಮಿಷ

ಅರ್ಧ ಇಳಿದ ಶಟರ್ ಕೆಳಗೆ ತಲೆ ಬಗ್ಗಿಸಿ ಅಂಗಡಿಯೊಳಗೆ ನುಗ್ಗಿ, "ಒಂದೇ ಸಾಮಾನು, ಎರಡೇ ನಿಮಿಷ" ಅಂತ ನೀವು ಯಾವತ್ತಾದರೂ ಅಂದಿದ್ದೀರಾ? ನಾನು ಅಂದಿದ್ದೇನೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ವಾರಕ್ಕೆ ಎರಡು ಸಲವಾದರೂ ಅನ್ನುತ್ತಿದ್ದೆ. ಆಫೀಸು ಬಿಡೋದೇ ಒಂಬತ್ತಕ್ಕೆ, ಕ್ಯಾಬ್ ಇಳಿಯೋದು ಹತ್ತಕ್ಕೆ. ಅಷ್ಟೊತ್ತಿಗೆ ಅಂಗಡಿ ಹುಡುಗ ಕಸಬರಿಗೆ ಹಿಡಿದು ನಿಂತಿರುತ್ತಿದ್ದ. ಅವನು ಮುಖ ಗಂಟು ಹಾಕಿದರೆ ನನಗೆ ಸಿಟ್ಟು ಬರುತ್ತಿತ್ತು. ದುಡ್ಡು ಕೊಡೋ ಗಿರಾಕಿ ಬಂದರೆ ಇವನಿಗೇನು ತ್ರಾಸು ಅಂತ.

ಹಾಗೆ ಸಿಟ್ಟಾಗೋ ಹಕ್ಕು ನನಗೆ ಎಲ್ಲರಿಗಿಂತ ಕಡಿಮೆ ಇತ್ತು. ನಮ್ಮ ಕಾಕಾ ಚಿತ್ತಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಾ ಆಗಿದ್ದವನು. ಊರು ದಂಡೋತಿ, ಕಾಗಿಣಾ ಹೊಳಿ ದಂಡೆಯ ಊರು. ಬೆಳಗಿನ ಬಸ್ಸಿಗೆ ಹೋದರೆ ರಾತ್ರಿ ಕಡೇ ಬಸ್ಸಿಗೆ ಬರುತ್ತಿದ್ದ. ಅವನು ಬರೋ ಹೊತ್ತಿಗೆ ನಾವೆಲ್ಲ ಹುಡುಗರು ಮಲಗಿರುತ್ತಿದ್ದೆವು. ಹಗಲೊತ್ತಿನಲ್ಲಿ ಕಾಕಾ ಮನೆಯಲ್ಲಿ ಕಂಡನೆಂದರೆ ಅವನ ಸಣ್ಣ ಮಗ, "ಇವತ್ತ ದುಕಾನ ಬಂದ್ ಏನು?" ಅಂತ ಕೇಳುತ್ತಿದ್ದ. ಆ ಹುಡುಗನಿಗೆ ಅಪ್ಪ ಅಂದರೆ ವಾರದ ಒಂದು ದಿನ.

ಕಾಕಾನ ಕಡೇ ಬಸ್ಸು ತಪ್ಪೋದಕ್ಕೆ ಕಾರಣ ಬಹಳ ಸಲ ಒಂದೇ ಇರುತ್ತಿತ್ತು: ಬಂದ್ ಮಾಡೋ ಹೊತ್ತಿಗೆ ಬಂದ ಗಿರಾಕಿ. ಒಂದು ಲಗ್ನದ ಸೀಜನ್ನಿನ ಕಥೆ ಅವನು ಈಗಲೂ ಹೇಳುತ್ತಾನೆ. ಥಾನುಗಳನ್ನೆಲ್ಲ ಎತ್ತಿಟ್ಟು, ಗಾದಿ ಝಾಡಿಸಿ, ಸಾವಕಾರರು ಗಲ್ಲಾ ಎಣಿಸಲಿಕ್ಕೆ ಕುಂತಾಗ ಒಬ್ಬರು ಮನೆಮಂದಿ ಸಮೇತ ಬಂದರು. ನಲವತ್ತು ಸೀರೆ ಬಿಚ್ಚಿಸಿದರು. ಬಣ್ಣ ಸರಿಯಿಲ್ಲ, ಅಂಚು ಸರಿಯಿಲ್ಲ ಅಂದರು. ಕಡೆಗೆ ಒಂದೂ ತಗೊಳ್ಳದೆ ಎದ್ದರು. ಕಾಕಾ ಸುಮ್ಮನೆ ಮುಖ ನೋಡಿದ್ದಕ್ಕೆ, "ಹಿಂಗ್ಯಾಕ ನೋಡ್ತಿ? ತೋರ್ಸೋದು ನಿನ್ನ ಕೆಲಸ ಅದ" ಅಂದರು. ಅವರು ಹೋದ ಮೇಲೆ ಸಾವಕಾರರೂ ಬೈದರು, ಗಿರಾಕಿ ಬಿಟ್ಟಿ ಅಂತ. ನಲವತ್ತು ಸೀರೆ ಮಡಚಿ ಮುಗಿಸೋದರೊಳಗೆ ಬಸ್ಸು ಹೋಗಿತ್ತು. ಕಾಕಾ ಆ ರಾತ್ರಿ ಅಂಗಡಿ ಗಾದಿ ಮೇಲೇ ಮಲಗಿ, ಮರುದಿನ ಬೆಳಿಗ್ಗೆ ತಾನೇ ಬಾಗಿಲು ತೆಗೆದ.

ಇದನ್ನು ನಾವು ಸಾಮಾನ್ಯವಾಗಿ ನಡತೆಯ ಮಾತು ಅಂತ ಬಿಟ್ಟುಬಿಡುತ್ತೇವೆ. ಗಿರಾಕಿಗೆ ತಿಳಿವಳಿಕೆ ಇರಲಿಲ್ಲ, ಸಾವಕಾರರು ಬಿಗಿ ಇದ್ದರು, ಅಷ್ಟೇ ಅಂತ. ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ಜಗಳದ ಚರಿತ್ರೆ ಇದೆ, ಅದರಲ್ಲಿ ಈ ಕಡೇ ಗಿರಾಕಿಗೂ ಕಾನೂನು ಒಂದು ಜಾಗ ಕೊಟ್ಟಿದೆ ಅಂತ. ಆ ಜಾಗ ಎಷ್ಟು ದೊಡ್ಡದು ಅನ್ನೋದೇ ಈ ಬರಹದ ವಿಷಯ.

ಹಳೇ ಕಾಲದಲ್ಲಿ ಅಂಗಡಿ ಮುಚ್ಚೋ ಹೊತ್ತನ್ನು ನಿರ್ಧಾರ ಮಾಡುತ್ತಿದ್ದದ್ದು ಬೆಳಕು. ನಮ್ಮ ಕಡೆ ಸಂತೆ ನೋಡ್ರಿ, ಹೊತ್ತು ಮುಳುಗೋ ಮೊದಲು ಗಂಟು ಕಟ್ಟಿ ಎದ್ದುಬಿಡುತ್ತಾರೆ. ಕಿರಾಣಿ ಅಂಗಡಿಗಳಿಗೆ ಶಟರ್ ಇರಲಿಲ್ಲ, ಒಂದೊಂದಾಗಿ ಜೋಡಿಸೋ ಹಲಗೆ ಬಾಗಿಲು. ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ ಕೊಡಬಾರದು ಅಂತ ಹಿರಿಯರು ಹೇಳುತ್ತಿದ್ದರು. ನಂಬಿಕೆ ಏನೇ ಇರಲಿ, ಅಂಗಡಿಯವನಿಗೆ 'ಈಗ ಇಲ್ಲ' ಅನ್ನಲಿಕ್ಕೆ ಅದೊಂದು ನೆವ. 'ಮುಚ್ಚು' ಅನ್ನೋದೇ ಅಪಶಕುನ ಅಂತ ಹಿಂದಿಯಲ್ಲಿ 'ದುಕಾನ್ ಬಢಾನಾ' ಅನ್ನುತ್ತಾರೆ, ಅಂದರೆ ಅಂಗಡಿ ಬೆಳೆಸೋದು. ನಾವು ದೀಪ ಆರಿಸೋದಕ್ಕೆ 'ದೀಪ ದೊಡ್ಡದು ಮಾಡು' ಅಂದಹಾಗೆ. ಮುಚ್ಚೋದನ್ನು ಬಾಯಿಬಿಟ್ಟು ಹೇಳಲಿಕ್ಕೂ ಅಂಜಿಕೆ ಇರುವಾಗ ಮುಚ್ಚೋದು ಸುಲಭ ಹೆಂಗಾದೀತು?

ಬೆಳಕು ಬಂದಾಗ ತೊಂದರೆ ಶುರುವಾಯಿತು. ಲಂಡನ್ನಿನಲ್ಲಿ ಗ್ಯಾಸ್ ದೀಪ ಬಂದ ಮೇಲೆ ಅಂಗಡಿಗಳು ರಾತ್ರಿವರೆಗೂ ತೆರೆದಿರಲಿಕ್ಕೆ ಹತ್ತಿದವು. ಕೆಲಸಗಾರರಿಗೆ ವಾರಕ್ಕೆ 80 ಗಂಟೆ ದಾಟಿದ ದುಡಿಮೆ. ಬೇಗ ಮುಚ್ಚಿಸಬೇಕು ಅಂತ ಅಲ್ಲಿ 1842ರಲ್ಲೇ ಒಂದು ಸಂಘ ಹುಟ್ಟಿತು. ಅದು ಮೊದಲು ಹಿಡಿದ ದಾರಿ ಬುದ್ಧಿಮಾತಿನದು. ಗಿರಾಕಿಗಳೇ ಸಂಜೆ ಬೇಗ ಬನ್ನಿ, ಸಾವಕಾರರೇ ಮನಸ್ಸು ಮಾಡಿ ಬೇಗ ಮುಚ್ಚಿ ಅಂತ ಕೈಮುಗಿದು ಕೇಳೋದು. ಹತ್ತಾರು ವರ್ಷ ಹೀಗೆ ಕೇಳಿದರೂ ದೊಡ್ಡ ಪರಿಣಾಮ ಆಗಲಿಲ್ಲ.

ಯಾಕೆ ಆಗಲಿಲ್ಲ ಅನ್ನೋದು ಚಿತ್ತಾಪುರದ ಬಜಾರಿನಲ್ಲಿ ನಿಂತರೂ ತಿಳಿಯುತ್ತದೆ. ಒಂದು ಸಾಲಿನಲ್ಲಿ ಹತ್ತು ಬಟ್ಟೆ ಅಂಗಡಿ ಇವೆ ಅನ್ನಿ. ಒಂಬತ್ತು ಮಂದಿ ಎಂಟಕ್ಕೆ ಮುಚ್ಚಲಿಕ್ಕೆ ತಯಾರಿದ್ದಾರೆ. ಹತ್ತನೆಯವನು ಒಂಬತ್ತರವರೆಗೆ ದೀಪ ಉರಿಸಿದ. ತಡವಾಗಿ ಬಂದ ಗಿರಾಕಿ ಅವನ ಹತ್ತಿರ ಹೋದ. ಮರುದಿನ ಒಂಬತ್ತು ಮಂದಿಯೂ ಒಂಬತ್ತರವರೆಗೆ ಕೂರುತ್ತಾರೆ. ಒಟ್ಟು ವ್ಯಾಪಾರ ಏನೂ ಹೆಚ್ಚಾಗೋದಿಲ್ಲ, ಲಗ್ನಕ್ಕೆ ಬೇಕಾದ ಸೀರೆ ಬೇಕಾದಷ್ಟೇ ಬೇಕು. ಹೆಚ್ಚಾಗೋದು ಗುಮಾಸ್ತನ ಒಂದು ತಾಸು ಮಾತ್ರ. ಒಬ್ಬರ ಒಳ್ಳೆಯತನದಿಂದ ಬಗೆಹರಿಯದ ಗಂಟು ಇದು. ಎಲ್ಲರೂ ಒಟ್ಟಿಗೆ ಮುಚ್ಚಿದರೆ ಮಾತ್ರ ಯಾರಿಗೂ ಲುಕ್ಸಾನಿಲ್ಲ.

ಇದನ್ನು ಪಾರ್ಲಿಮೆಂಟಿನಲ್ಲಿ ಹಟ ಹಿಡಿದು ಹೇಳಿದವರು ಸರ್ ಜಾನ್ ಲಬಕ್. ಕಸುಬಿನಲ್ಲಿ ಬ್ಯಾಂಕರು, ಹವ್ಯಾಸದಲ್ಲಿ ಇರುವೆ ಜೇನುನೊಣಗಳ ಅಭ್ಯಾಸಿ. ಅವರ ಪ್ರಯತ್ನದಿಂದ 1886ರಲ್ಲಿ ಬಂದ ಕಾಯ್ದೆ 18 ವರ್ಷದೊಳಗಿನ ಅಂಗಡಿ ಕೆಲಸಗಾರರಿಗೆ ವಾರಕ್ಕೆ 74 ಗಂಟೆಯ ಮಿತಿ ಹಾಕಿತು. 74 ಅನ್ನೋದು ಅವತ್ತಿಗೆ ಸುಧಾರಣೆ! 1899ರಲ್ಲಿ ಇನ್ನೊಂದು ಕಾಯ್ದೆ, ಮೂರು ಮಂದಿ ಹೆಣ್ಣುಮಕ್ಕಳಿಗೆ ಒಂದಾದರೂ ಕುರ್ಚಿ ಇಡಬೇಕು ಅಂತ. 1911ರಲ್ಲಿ ವಾರಕ್ಕೆ ಅರ್ಧ ದಿನ ರಜೆ. 1928ರಲ್ಲಿ, ರಾತ್ರಿ 8ಕ್ಕೆ ಮುಚ್ಚಬೇಕು, ವಾರದಲ್ಲಿ ಒಂದು ದಿನ 9ರವರೆಗೆ ಅಂತ. ಕಾದಂಬರಿಕಾರ ಎಚ್.ಜಿ. ವೆಲ್ಸ್ ಹುಡುಗನಾಗಿದ್ದಾಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ದಿನಕ್ಕೆ ಹದಿಮೂರು ತಾಸು. 1905ರ 'ಕಿಪ್ಸ್' ಕಾದಂಬರಿಯಲ್ಲಿ ಆ ದಿನಗಳನ್ನು ತಂದಿದ್ದಾನೆ.

ಈಗ ನಮ್ಮ ಕಡೆ ಬರೋಣ. ಹಿಂದೂಸ್ತಾನದಲ್ಲಿ ಕಾರ್ಖಾನೆ ಕಾಯ್ದೆ 1881ರಲ್ಲೇ ಬಂತು. ಆಗ ಅದು ಮಕ್ಕಳ ದುಡಿಮೆಗಷ್ಟೇ ಮಿತಿ ಹಾಕಿತು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೂ ದಿನಕ್ಕೆ 12 ಗಂಟೆಯ ಮಿತಿ ಬಂತು, 1922ರಲ್ಲಿ ಕಾರ್ಖಾನೆ ಮಂದಿಗೆ ವಾರಕ್ಕೆ 60 ಗಂಟೆಯದು. ಅಂಗಡಿ ಗುಮಾಸ್ತರ ಸರದಿ ಬಂದದ್ದು 1939ರಲ್ಲಿ, ಮುಂಬಯಿ ಪ್ರಾಂತ್ಯದ ಅಂಗಡಿ ಕಾಯ್ದೆಯಿಂದ. ದೇಶದಲ್ಲಿ ಅಂಥದ್ದು ಅದೇ ಮೊದಲು. ಗಿರಣಿಯವರಿಗೂ ಗುಮಾಸ್ತರಿಗೂ ನಡುವೆ 58 ವರ್ಷದ ಅಂತರ.

ಈ ಅಂತರಕ್ಕೆ ಕಾರಣ ಇದೆ ಅಂತ ನನಗನ್ನಿಸುತ್ತದೆ. ವಾಡಿ, ಶಹಾಬಾದಿನ ಕಡೆ ಬೆಳೆದವರಿಗೆ ಕಾರ್ಖಾನೆ ಭೋಂಗಾ ಗೊತ್ತು. ಭೋಂಗಾ ಕೂಗಿತು, ಪಾಳಿ ಮುಗಿಯಿತು, ಆ ಮಷಿನ್ ಮುಂದೆ ಇನ್ನೊಬ್ಬ ಬಂದು ನಿಂತ. ಅಂಗಡಿಯಲ್ಲಿ ಮಷಿನ್ ಅಂದರೆ ಗಿರಾಕಿ. ಅವನನ್ನು ಯಾವ ಭೋಂಗಾ ನಿಲ್ಲಿಸಬೇಕು? ಅವನು ಬಂದು ನಿಂತಷ್ಟು ಹೊತ್ತು ಕೆಲಸ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗುಮಾಸ್ತಾ ಸುಮ್ಮನೆ ನಿಂತದ್ದು ಯಾರ ಕಣ್ಣಿಗೂ ಕೆಲಸವಾಗಿ ಕಾಣೋದಿಲ್ಲ. "ಅವಂಗೇನು ಕೆಲಸ, ನೆಳ್ಳಾಗ ಕುಂತಿರ್ತಾನ" ಅಂತ ನಮ್ಮ ಊರಲ್ಲೂ ಕಾಕಾನಿಗೆ ಅನ್ನುತ್ತಿದ್ದರು. ಅವನು ಕುಂತದ್ದು ಕಡಿಮೆ, ನಿಂತದ್ದೇ ಹೆಚ್ಚು ಅನ್ನೋದು ಅವನ ಕಾಲಿನ ಉಬ್ಬಿದ ನರಗಳನ್ನು ನೋಡಿದವರಿಗೆ ಗೊತ್ತು.

ಮುಂಬಯಿ ದಾರಿ ತೋರಿಸಿದ ಮೇಲೆ ಉಳಿದವರೂ ಬಂದರು. ಕನ್ನಡದ ನೆಲ ಅವತ್ತು ಹಂಚಿಹೋಗಿತ್ತಲ್ಲ, ಅದಕ್ಕೇ ನಮ್ಮ ಗುಮಾಸ್ತರು ಬೇರೆ ಬೇರೆ ಕಾಯ್ದೆಗಳ ಕೆಳಗೆ ಬಂದರು. ಬೆಳಗಾವಿ, ಧಾರವಾಡದವರಿಗೆ ಮುಂಬಯಿ ಕಾಯ್ದೆ, ಅದನ್ನು 1948ರಲ್ಲಿ ಹೊಸದಾಗಿ ಬರೆದರು. ಮಂಗಳೂರಿನವರಿಗೆ ಮದ್ರಾಸಿನ 1947ರದು. ಮೈಸೂರಿನವರಿಗೆ 1948ರ ಮೈಸೂರು ಕಾಯ್ದೆ. ನಮ್ಮ ಗುಲ್ಬರ್ಗ ಸೀಮೆ ನಿಜಾಮರ ರಾಜ್ಯದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ, 1951ರಲ್ಲಿ ಹೈದರಾಬಾದ್ ಅಂಗಡಿ ಕಾಯ್ದೆ ಬಂತು. 1956ರ ನವೆಂಬರ್ 1ಕ್ಕೆ ಎಲ್ಲರೂ ಒಂದೇ ರಾಜ್ಯದವರಾದೆವು, ಆದರೂ ಅಂಗಡಿ ಕಾಯ್ದೆಗಳು ಬೇರೆ ಬೇರೆಯಾಗೇ ಉಳಿದವು. ಎಲ್ಲವನ್ನೂ ತೆಗೆದು ಒಂದೇ ಮಾಡಿದ್ದು 1961ರ ಕಾಯ್ದೆ, ಈಗ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ ಕರೆಯೋದು ಅದನ್ನೇ. ದಿನಕ್ಕೆ 9, ವಾರಕ್ಕೆ 48 ಗಂಟೆ, ನಡುವೆ ವಿರಾಮ, ವಾರಕ್ಕೊಂದು ರಜೆ.

ಈ ಕಾಯ್ದೆಯ 11ನೇ ಕಲಂ ನಮ್ಮ ಕಥೆಗೆ ಬೇಕಾದದ್ದು. ಅಂಗಡಿ ತೆರೆಯೋ, ಮುಚ್ಚೋ ಹೊತ್ತನ್ನು ಸರ್ಕಾರ ಆದೇಶ ಮಾಡಿ ಗೊತ್ತುಮಾಡಬಹುದು, ಅದನ್ನು ಯಾರೂ ಮೀರಬಾರದು. ಹಂಗಾದರೆ ಮುಚ್ಚೋ ಹೊತ್ತಿಗೆ ಸರಿಯಾಗಿ ಒಳಗೆ ನಿಂತಿರೋ ಗಿರಾಕಿ ಏನು ಮಾಡಬೇಕು? ಅವನನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಲಿಕ್ಕೆ ಆಗೋದಿಲ್ಲ. ಅದಕ್ಕೆ ಕಾನೂನು ಒಂದು ಸಣ್ಣ ಕಿಂಡಿ ಬಿಟ್ಟಿದೆ. ಮುಚ್ಚೋ ಹೊತ್ತಿಗೆ ಅಂಗಡಿಯೊಳಗೆ ಸಾಮಾನು ತಗೊಳ್ಳುತ್ತಿದ್ದ, ಇಲ್ಲವೆ ತನ್ನ ಪಾಳಿಗೆ ಕಾಯುತ್ತಿದ್ದ ಗಿರಾಕಿಗೆ, ಆ ಹೊತ್ತಿನಿಂದ ಮುಂದಿನ ಕಾಲು ಗಂಟೆಯೊಳಗೆ ಸಾಮಾನು ಕೊಡಬಹುದು. ಮದ್ರಾಸಿನ ಕಾಯ್ದೆಯಲ್ಲೂ ಇದೇ ಕಾಲು ಗಂಟೆ ಇದೆ.

ಇಂಗ್ಲೆಂಡಿನ 1912ರ ಕಾಯ್ದೆಯಲ್ಲಿ ಹೊತ್ತಿಗೆ ಮುಂಚೆ ಒಳಗೆ ಬಂದ ಗಿರಾಕಿಗೆ ಕೊಡಬಹುದು ಅಂತ ಇತ್ತು, ನಿಮಿಷದ ಲೆಕ್ಕ ಇರಲಿಲ್ಲ. 1956ರ ಜರ್ಮನಿಯ ಕಾಯ್ದೆಯೂ ಒಳಗಿದ್ದವರಿಗೆ ಕೊಟ್ಟು ಮುಗಿಸಬಹುದು ಅಂದಿತು. ನಮ್ಮವರು ಮಾತ್ರ ಅದಕ್ಕೊಂದು ಅಂಕಿ ಇಟ್ಟರು. ನಲವತ್ತು ಸೀರೆ ಬಿಚ್ಚಿಸೋ ಮನೆಮಂದಿಯನ್ನು ಕಂಡವರೇ ಯಾರೋ ಅದನ್ನು ಬರೆದಿರಬೇಕು ಅಂತ ನಾನು ತಮಾಷೆಗೆ ಅಂದುಕೊಳ್ಳುತ್ತೇನೆ. ಇನ್ನೊಂದು ಮಾತು ಗಮನಿಸಿ: ಒಳಗೆ ಇದ್ದವನು, ಇಲ್ಲವೆ ಒಳಗೆ ಕಾಯುತ್ತಿದ್ದವನು. ಅರ್ಧ ಶಟರ್ ಕೆಳಗೆ ಆಮೇಲೆ ನುಗ್ಗಿದವನಿಗೆ ಆ ಕಾಲು ಗಂಟೆಯೂ ಇಲ್ಲ. ಅಂದರೆ ನಾನು ಬೆಂಗಳೂರಿನಲ್ಲಿ ಕೇಳುತ್ತಿದ್ದ ಎರಡು ನಿಮಿಷ ನನ್ನದಾಗಿರಲಿಲ್ಲ.

ಹಾಗಂತ ಅಪರಾತ್ರಿಯಲ್ಲಿ ಬಂದ ಗಿರಾಕಿಯೆಲ್ಲ ಕೆಟ್ಟವನು ಅಂತಲ್ಲ. ಇಂಗ್ಲೆಂಡಿನ ಆ ಕಾಯ್ದೆ ಕಾಯಿಲೆಯವರಿಗೆ ಬೇಕಾದ ಸಾಮಾನಿಗೆ ವಿನಾಯಿತಿ ಕೊಟ್ಟಿತ್ತು. ನಮ್ಮ ಕಡೆ ಬಟ್ಟೆ ಅಂಗಡಿಯವರಲ್ಲಿ ಬರೆಯದ ಒಂದು ಕಾನೂನು ಇತ್ತು. ಹೆಣದ ಬಟ್ಟೆ ಕೇಳಿ ಯಾರಾದರೂ ಬಂದರೆ ನಡುರಾತ್ರಿಯಲ್ಲೂ ಬಾಗಿಲು ತೆಗೆಯೋದು. ಕಾಕಾ ಅಂಗಡಿಯಲ್ಲಿ ಮಲಗಿದ ರಾತ್ರಿಗಳಲ್ಲಿ ಎರಡು ಮೂರು ಸಲ ಹಾಗೆ ಎದ್ದು ಅಳೆದು ಕೊಟ್ಟಿದ್ದಾನಂತೆ. "ಅದರಾಗ ತ್ರಾಸ ಏನದ ತಮ್ಮಾ? ಅಂವ ಬೇಕಂತ ಬಂದಾನೇನು?" ಅನ್ನುತ್ತಾನೆ. ಕಲ್ಲಿನ ಗಣಿಯಿಂದ, ಕಾರ್ಖಾನೆಯಿಂದ ದುಡಿದು ತಡವಾಗಿ ಬರೋ ಮಂದಿ ಬಗ್ಗೆಯೂ ಅವನಿಗೆ ಸಿಟ್ಟಿರಲಿಲ್ಲ. ಅವರು ಬೇಕಾದದ್ದನ್ನು ಬಾಗಿಲಲ್ಲೇ ಹೇಳಿ, ತಗೊಂಡು ಹೋಗುತ್ತಿದ್ದರು. ತಾನೂ ದುಡಿಯೋನು, ಎದುರಿಗಿದ್ದವನೂ ದುಡಿಯೋನು ಅನ್ನೋದು ಅವರಿಗೆ ಗೊತ್ತಿತ್ತು. ಸಿಟ್ಟು ಬರುತ್ತಿದ್ದದ್ದು ಹೊತ್ತು ಇದ್ದೂ ಹೊತ್ತು ನೋಡದವರ ಮೇಲೆ.

ಕಾನೂನು ಕಾಕಾನ ಕಾಲದಲ್ಲಿ ಇತ್ತು, ಇದ್ದೂ ಬಸ್ಸು ತಪ್ಪಿತು. ಯಾಕೆ? ಒಂದು ಕಾರಣ ಎಲ್ಲರಿಗೂ ಗೊತ್ತಿರೋದೇ, ನೋಡೋ ಕಣ್ಣು ಕಡಿಮೆ. ಇನ್ನೊಂದು ಸೂಕ್ಷ್ಮದ್ದು. ಮುಚ್ಚೋ ಹೊತ್ತು ಅನ್ನೋದು ಗಿರಾಕಿಯ ಲೆಕ್ಕ. ಗಿರಾಕಿಗೆ ಬಾಗಿಲು ಮುಚ್ಚಿದ ಮೇಲೆ ಗುಮಾಸ್ತನ ಇನ್ನೊಂದು ಕೆಲಸ ಶುರುವಾಗುತ್ತದೆ: ಮಡಚೋದು, ಜೋಡಿಸೋದು, ಗಲ್ಲಾ ಎಣಿಸೋದು, ಉದ್ರಿ ಬರೆಯೋದು, ಕಸ ಹೊಡೆಯೋದು. ಕಾಯ್ದೆಯ ಪ್ರಕಾರ ಮಾಲೀಕನ ಕೈಕೆಳಗೆ ಇರೋ ಹೊತ್ತೆಲ್ಲ ದುಡಿಮೆಯ ಹೊತ್ತೇ, ಊಟ ವಿರಾಮ ಬಿಟ್ಟು. ಆದರೆ ಶಟರ್ ಇಳಿದ ಮೇಲೆ ಒಳಗೆ ಏನು ನಡೆದಿದೆ ಅಂತ ರಸ್ತೆಯಿಂದ ಯಾರಿಗೂ ಕಾಣೋದಿಲ್ಲ. ಕಡೇ ಗಿರಾಕಿ ಹತ್ತು ನಿಮಿಷ ತಿಂದರೆ ಒಳಗೆ ನಲವತ್ತು ನಿಮಿಷ ಬೆಳೆಯುತ್ತದೆ. ಅವನಿಗೆ ತನ್ನ ಹತ್ತಷ್ಟೇ ಲೆಕ್ಕ.

ಇದನ್ನು ನಾನು ಕಣ್ಣಾರೆ ಕಂಡದ್ದು ನನ್ನದೇ ಕೆಲಸದಲ್ಲಿ. ಕೆಲವು ವರ್ಷ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋ ತಂಡದಲ್ಲಿದ್ದೆ. ಅದರಲ್ಲಿ 'ಡೇ ಎಂಡ್' ಅಂತ ಒಂದು ಗುಂಡಿ. ರಾತ್ರಿ ಅದನ್ನು ಒತ್ತಿದರೆ ಆವತ್ತಿನ ಬಿಲ್ಲುಗಳು ಬೀಗ ಬೀಳುತ್ತವೆ, ಗಲ್ಲಾ ತಾಳೆಯಾಗುತ್ತದೆ, ಲೆಕ್ಕ ಹೆಡ್ ಆಫೀಸಿಗೆ ಹೋಗುತ್ತದೆ. ಒಂದು ಸಲ ಒಂದು ದೊಡ್ಡ ಗ್ರಾಹಕ ಸಂಸ್ಥೆಯವರು, ಮುಚ್ಚೋ ಹೊತ್ತು ದಾಟಿದ ಮೇಲೂ ಬಿಲ್ ಮಾಡಲಿಕ್ಕೆ ಅವಕಾಶ ಬೇಕು ಅಂದರು. ನಾನು ಒಂದು ಸೆಟ್ಟಿಂಗ್ ಬರೆದೆ. 'ಗ್ರೇಸ್ ನಿಮಿಷ', ಸುಮ್ಮನೆ ಬಿಟ್ಟರೆ 15. ಹದಿನೈದೇ ಯಾಕೆ ಅಂತ ಕೇಳಿದ್ದರೆ ಹೇಳಲಿಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡಲಿಕ್ಕೆ ಚೆಂದದ ಅಂಕಿ, ಅಷ್ಟೇ. 11ನೇ ಕಲಂ ಓದಿದ್ದು ಅದಾಗಿ ಎಷ್ಟೋ ತಿಂಗಳಿಗೆ, ಹಾಜರಿ ಲೆಕ್ಕದ ಇನ್ನೊಂದು ಕೆಲಸ ಬಂದಾಗ. ಕಾಲು ಗಂಟೆ ಅಂತ ಕಂಡಾಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಎಷ್ಟೋ ಮಂದಿ ಎಷ್ಟೋ ವರ್ಷ ಜಗಳಾಡಿ ಪಡೆದ ಅಂಕಿಯನ್ನು ನಾನು ಏನೂ ಗೊತ್ತಿಲ್ಲದೆ ಟೈಪ್ ಮಾಡಿದ್ದೆ.

ಆದರೆ ಒಂದು ವ್ಯತ್ಯಾಸ ಇತ್ತು. ಕಾಯ್ದೆಯ ಹದಿನೈದು ಬದಲಾಗೋದಿಲ್ಲ. ನನ್ನ ಹದಿನೈದು ಒಂದು ಖಾಲಿ ಡಬ್ಬಿಯೊಳಗಿನ ಅಂಕಿ, ಯಾರು ಬೇಕಾದರೂ ಅಳಿಸಿ ಇನ್ನೊಂದು ಬರೆಯಬಹುದು. ಆ ಸಂಸ್ಥೆಯವರು ಅದನ್ನು 60 ಮಾಡಿದ್ದರು. ಬೇರೆ ಏನೋ ದೋಷ ಹುಡುಕಲಿಕ್ಕೆ ಅವರ ದಾಖಲೆ ತೆರೆದಾಗ ಕಂಡೆ: ಕಡೇ ಬಿಲ್ಲಿಗೂ ಡೇ ಎಂಡ್ ಗುಂಡಿಗೂ ನಡುವೆ ದಿನಾ ಒಂದು ತಾಸಿನ ಹತ್ತಿರ. ಹಾಜರಿಯಲ್ಲಿ ಹುಡುಗರ ದುಡಿಮೆ ಕಡೇ ಬಿಲ್ಲಿಗೇ ಮುಗಿದಿತ್ತು. ಅದೂ ನಮ್ಮದೇ ಸಾಫ್ಟ್‌ವೇರ್ ಹಾಕಿದ ಲೆಕ್ಕ. ಆ ಒಂದು ತಾಸು ನನಗೆ ಬಹಳ ಪರಿಚಯದ್ದಾಗಿತ್ತು. ಅದು ನಲವತ್ತು ಸೀರೆ ಮಡಚೋ ತಾಸು.

ಈಗ ಕಾನೂನೂ ಅದೇ ದಿಕ್ಕಿಗೆ ಹೊರಟಿದೆ. 2016ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅಂಗಡಿ ಕಾಯ್ದೆಯ ಒಂದು ಮಾದರಿ ಕೊಟ್ಟಿತು, ಅಂಗಡಿಗಳು ವರ್ಷವಿಡೀ ಹಗಲು ರಾತ್ರಿ ತೆರೆದಿರಬಹುದು ಅಂತ. ಮಹಾರಾಷ್ಟ್ರ 2017ರಲ್ಲಿ ಹೊಸ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ 2021ರ ಜನವರಿಯಲ್ಲಿ ಆದೇಶ ಆಯಿತು, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ಮೂರು ವರ್ಷ ದಿನದ 24 ಗಂಟೆ ತೆರೆಯಬಹುದು ಅಂತ. ಅದರಲ್ಲಿ ಶರತ್ತುಗಳಿವೆ, ಅವೇನು ಸಣ್ಣವಲ್ಲ. ಒಬ್ಬನಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಮೀರಬಾರದು, ಹೆಚ್ಚುವರಿ ಸೇರಿ ದಿನಕ್ಕೆ 10, ಸರದಿ ಮೇಲೆ ವಾರದ ರಜೆ, ಹೆಣ್ಣುಮಕ್ಕಳನ್ನು ಅವರ ಬರಹದ ಒಪ್ಪಿಗೆ ಇಲ್ಲದೆ ರಾತ್ರಿ 8ರ ಮೇಲೆ ಇಟ್ಟುಕೊಳ್ಳಬಾರದು.

ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಅಂಗಡಿ ಎಷ್ಟು ಹೊತ್ತಾದರೂ ತೆರೆದಿರಲಿ, ಮನುಷ್ಯನ ದುಡಿಮೆಗೆ ಮಿತಿ ಇದ್ದರೆ ಸಾಲದೇ? ಐಟಿಯವನು ರಾತ್ರಿ ಹತ್ತಕ್ಕೆ ಬರುತ್ತಾನೆ, ಅವನಿಗೂ ಅಕ್ಕಿ ಬೇಡವೇ? ಬೇಕು, ನಾನೇ ಅವನು. ಸಾಕಷ್ಟು ಮಂದಿ ಇಟ್ಟು, ಪಾಳಿ ಮಾಡಿ ನಡೆಸೋ ಅಂಗಡಿ ರಾತ್ರಿ ತೆರೆದಿದ್ದರೆ ನನ್ನ ತಕರಾರಿಲ್ಲ. ನನ್ನ ಮಾತು ಬೇರೆ. ಅಂಗಡಿ ಮುಚ್ಚೋ ಹೊತ್ತನ್ನು ರಸ್ತೆಯಲ್ಲಿ ಹೋಗೋ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು, ಶಟರ್ ನೋಡಿದರೆ ಸಾಕು. ಒಬ್ಬ ಹುಡುಗನ ಎಂಟು ಗಂಟೆಯನ್ನು ಪರೀಕ್ಷೆ ಮಾಡಬೇಕಾದರೆ ರಿಜಿಸ್ಟರ್ ತೆಗೆಯಬೇಕು. ಆ ರಿಜಿಸ್ಟರ್ ಈಗ ಕಂಪ್ಯೂಟರಿನಲ್ಲಿದೆ, ಅದರೊಳಗೆ ನಾನು ಬರೆದಂಥ ಖಾಲಿ ಡಬ್ಬಿಗಳಿವೆ. ಹಿಂದೆ ಗುಮಾಸ್ತಾ ಗಿರಾಕಿಗೆ, "ಹೊತ್ತಾಗಿದೆ ರೀ, ಸರ್ಕಾರದ ಕಾಯ್ದೆ ಅದ" ಅನ್ನಬಹುದಿತ್ತು. ಅಂದನೋ ಇಲ್ಲವೋ, ಅನ್ನಲಿಕ್ಕೆ ಮಾತಾದರೂ ಇತ್ತು. ಈಗ ಅವನ ಬಾಯಲ್ಲಿ ಆ ಮಾತಿಲ್ಲ. ಇಲ್ಲ ಅಂದರೆ ಅದು ಅವನ ಸೊಕ್ಕು.

ಗಿರಾಕಿಗಳು ಹೊತ್ತಿಗೆ ಬರೋದನ್ನು ಕಲಿಯೋದಿಲ್ಲ ಅನ್ನೋದನ್ನು ನಾನು ನಂಬೋದಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಕರ್ನಾಟಕದಲ್ಲಿ ಕಿರಾಣಿ, ಕಾಯಿಪಲ್ಲೆಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಬಿಟ್ಟಿದ್ದರು. ನಾಲ್ಕೇ ದಿನದಲ್ಲಿ ಎಲ್ಲರೂ ಕಲಿತರು. ಒಂಬತ್ತೂವರೆಗೆ ಚೀಲ ಹಿಡಿದು ಓಡುತ್ತಿದ್ದೆವು. ಎಲ್ಲರಿಗೂ ಒಂದೇ ಹೊತ್ತು ಇದ್ದಾಗ ಯಾರೂ ಅಂಗಡಿಯವನ ಜತೆ ಜಗಳಕ್ಕೆ ನಿಲ್ಲಲಿಲ್ಲ. ಆ ದಿನಗಳು ಮತ್ತೆ ಬೇಡ, ಆದರೆ ಅವು ತೋರಿಸಿದ್ದು ನಿಜ. ನಮ್ಮ ಕಾಗಿಣಾ ತುಂಬಿ ದಂಡೋತಿ ಸೇತುವೆ ಮುಳುಗಿದಾಗಲೂ ಅಷ್ಟೇ, ನೀರಿಗೆ ಯಾರೂ "ಎರಡೇ ನಿಮಿಷ" ಅನ್ನೋದಿಲ್ಲ. ಎರಡು ನಿಮಿಷ ಕೇಳೋದು ಕೊಡದೆ ಇರಲಿಕ್ಕೆ ಆಗದವನ ಹತ್ತಿರ.

ಹಕ್ಕು ಕೇಳಿದರೆ ಸಿಗೋದಿಲ್ಲ ಅಂತಲೂ ಅಲ್ಲ. ಕೇರಳದಲ್ಲಿ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಣ್ಣುಮಕ್ಕಳು, ಪಿ. ವಿಜಿ ಅನ್ನೋ ಟೇಲರ್ ಕಸುಬಿನ ಹೆಣ್ಣುಮಗಳ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಅವರು ಕೇಳಿದ್ದು ಶೌಚಕ್ಕೆ ಜಾಗ, ಕೂರಲಿಕ್ಕೆ ಒಂದು ಸ್ಟೂಲು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿ ಕೂರೋ ಹಕ್ಕು ಕೊಟ್ಟಿತು, 2021ರಲ್ಲಿ ತಮಿಳುನಾಡೂ ಕೊಟ್ಟಿತು. ಇಂಗ್ಲೆಂಡಿನ ಕುರ್ಚಿ ಕಾಯ್ದೆ 1899ರದು ಅಂತ ಮೇಲೆ ಬರೆದೆನಲ್ಲ, ಆ ಕುರ್ಚಿ ನಮ್ಮ ಕಡೆ ಬರಲಿಕ್ಕೆ 119 ವರ್ಷ ಹಿಡಿಯಿತು.

ನನ್ನ ಡಬ್ಬಿಯ ಕಥೆ ಏನಾಯಿತು ಅಂದರೆ, ಅದಕ್ಕೆ 15ಕ್ಕಿಂತ ಹೆಚ್ಚು ಬರೆಯಲಿಕ್ಕೆ ಆಗದ ಹಾಗೆ ಮಾಡೋಣ ಅಂತ ಮೀಟಿಂಗಿನಲ್ಲಿ ಹೇಳಿದೆ. ಗ್ರಾಹಕರು ಕೇಳಿದ್ದು ಅದಲ್ಲ ಅಂದರು, ಆ ಮಾತು ಅಲ್ಲಿಗೇ ನಿಂತಿತು. ಬದಲಿಗೆ ಒಂದು ಸಣ್ಣ ಕೆಲಸ ಮಾಡಿದೆ. ದುಡಿಮೆಯ ಲೆಕ್ಕ ಕಡೇ ಬಿಲ್ಲಿಗೆ ನಿಲ್ಲದೆ ಡೇ ಎಂಡ್ ಗುಂಡಿವರೆಗೆ ಹೋಗೋ ಹಾಗೆ ಹೊಸ ಆವೃತ್ತಿಯಲ್ಲಿ ಬರೆದೆ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಗಮನಿಸಿದ್ದರೆ ಅಂದಿರುತ್ತಿದ್ದರೋ ಏನೋ.

ಹೋದ ಸಲ ಊರಿಗೆ ಹೋದಾಗ ರಾತ್ರಿ ಊಟಕ್ಕೆ ಸಕ್ಕರೆ ಮುಗಿದಿತ್ತು. ಕಾಕಾ ಮತ್ತು ನಾನು ಓಣಿಯ ಅಂಗಡಿಗೆ ಹೋದೆವು. ಅಂಗಡಿಯ ಹೆಣ್ಣುಮಗಳು ಒಳಗೆ ದೀಪದ ಕೆಳಗೆ ನೋಟು ಎಣಿಸುತ್ತ ಕುಂತಿದ್ದಳು. ನಾನು ಮೆಟ್ಟಿಲು ಹತ್ತಲಿಕ್ಕೆ ಹೋದೆ. ಕಾಕಾ ನನ್ನ ರಟ್ಟೆ ಹಿಡಿದು ನಿಲ್ಲಿಸಿ, ಹೊರಗಿನಿಂದಲೇ ಕೇಳಿದ.

"ಲೆಕ್ಕಾ ಆಗ್ಯದೇನಬೇ ತಂಗಿ?"

"ಆಗ್ಯದ ನೋಡ್ರಿ ಅಣ್ಣಾರ. ಏನ್ ಬೇಕಿತ್ರಿ?"

"ಏನೂ ಇಲ್ಲ ಬಿಡವ್ವ. ಮುಂಜಾನಿ ಬರ್ತೀವಿ."

ಆವತ್ತು ಚಹಾ ಬೆಲ್ಲದ್ದು ಕುಡಿದೆವು.